ಹೆಬ್ಬೆರಳಷ್ಟು ಮೀನಿಗೆ ಮೂರು ಶನಿವಾರ

ಅಂಗಡಿಯ ಹುಡುಗ ಬಲೆ ಎತ್ತಿಕೊಂಡಿದ್ದ. "ಬಲೆ ಬೇಡ ಭಯ್ಯಾ" ಅಂದೆ. "ಡಬ್ಬಿ ಇದ್ದರೆ ನೀರಿನ ಸಮೇತ ಹಿಡಿ." ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಒಳಗಿನಿಂದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತಂದ.

ನಾನು ಕೊಳ್ಳಲು ಹೋದದ್ದು ಡ್ವಾರ್ಫ್ ಏಂಜಲ್, ಗಾಜಿನ ತೊಟ್ಟಿಯಲ್ಲಿ ಸಾಕುವ ಪುಟ್ಟ ಕಡಲ ಮೀನು. ಅದರ ಕೆನ್ನೆಯ ಕೆಳಗೆ, ಹಿಂದಕ್ಕೆ ಚಾಚಿದ ಒಂದು ಮುಳ್ಳು ಇರುತ್ತದೆ. ಕಡಲಿನ ಎಲ್ಲ ಏಂಜಲ್ ಮೀನುಗಳಿಗೂ ಇದೇ ಗುರುತು. ಬಲೆಯ ದಾರಕ್ಕೆ ಆ ಮುಳ್ಳು ಸಿಕ್ಕಿಕೊಂಡರೆ ಮೀನು ಒದ್ದಾಡುತ್ತದೆ. ಬಿಡಿಸುವ ಗಡಿಬಿಡಿಯಲ್ಲಿ ಕೆನ್ನೆ ಗಾಯವಾಗುತ್ತದೆ. ಡಬ್ಬಿಯಲ್ಲಿ ಹಿಡಿದರೆ ಆ ತೊಂದರೆಯೇ ಇಲ್ಲ. ಇಷ್ಟು ಚಿಕ್ಕ ವಿಷಯ ನನಗೆ ಗೊತ್ತಾಗಿದ್ದು ಒಂದು ಮೀನನ್ನು ಕಳೆದುಕೊಂಡ ಮೇಲೆ.

ಅದು ಹೋದ ವರ್ಷದ ಮಾತು. ಬೇರೆ ಒಂದು ಅಂಗಡಿಯಲ್ಲಿ ಬೈಕಲರ್ ಎಂಬ ಜಾತಿಯ ಡ್ವಾರ್ಫ್ ಏಂಜಲ್ ನೋಡಿ ಮರುಳಾಗಿದ್ದೆ. ಮುಂದಿನ ಅರ್ಧ ಹಳದಿ, ಹಿಂದಿನ ಅರ್ಧ ಕಡು ನೀಲಿ, ಬಾಲ ಮತ್ತೆ ಹಳದಿ. ಹಿಂದಿನ ದಿನವಷ್ಟೇ ಬಂದ ಮೀನು ಎಂದು ಅಂಗಡಿಯವರು ಹೇಳಿದರು. ಅದು ತಾಜಾ ಎನ್ನುವ ಅರ್ಥದಲ್ಲಿ ನಾನೂ ಖುಷಿಪಟ್ಟೆ. ತಿನ್ನುತ್ತದಾ ಎಂದು ಕೇಳಲಿಲ್ಲ. ಮನೆಗೆ ಬಂದ ಮೇಲೆ ಅದು ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಕಲ್ಲಿನ ಸಂದಿಯಲ್ಲಿ ಮಲಗಿತ್ತು. ತಿನ್ನುವುದನ್ನು ನೋಡದೇ ತಂದಿದ್ದು ನಾನು. ಅದಕ್ಕೇ ಈ ಸಲ ಮೂರು ಶನಿವಾರ ಮುಂಬೈನ ಮುಲುಂಡ್‌ನಿಂದ ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಕ್ರಾಫರ್ಡ್ ಮಾರ್ಕೆಟ್‌ವರೆಗೆ ನಡೆದೆ.

ನನ್ನ ಉಪ್ಪುನೀರಿನ ತೊಟ್ಟಿ ದೊಡ್ಡದಲ್ಲ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ ನೂರೈವತ್ತು ಲೀಟರ್ ನೀರು ಹಿಡಿದೀತು. ಶುರುಮಾಡಿ ಹದಿನಾಲ್ಕು ತಿಂಗಳಾಗಿತ್ತು. ಕಲ್ಲಿನ ಮೇಲೆ ಹಸಿರು, ಕಂದು ಪಾಚಿಯ ತೆಳು ಪದರ ಚೆನ್ನಾಗಿ ಕೂತಿತ್ತು. ಇದು ಮುಖ್ಯ. ಈ ಮೀನುಗಳು ದಿನವಿಡೀ ಕಲ್ಲಿನ ಮೇಲಿನ ಪಾಚಿಯನ್ನು ಕುಕ್ಕಿ ಕುಕ್ಕಿ ಮೇಯುತ್ತವೆ. ಎರಡು ತಿಂಗಳ ಹೊಸ ತೊಟ್ಟಿಯಲ್ಲಿ ಕಲ್ಲು ಬೋಳಾಗಿರುತ್ತದೆ, ಅವು ಏನು ತಿನ್ನಬೇಕು?

ಹವಳದ ವಿಷಯವನ್ನೂ ಹೇಳಿಬಿಡುತ್ತೇನೆ, ಜಾಸ್ತಿ ಜನ ಕೇಳುತ್ತಾರೆ. ಕಲ್ಲು ಹವಳಗಳು 2001ರಲ್ಲೇ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿವೆ. ಹುಲಿ ಇರುವ ಪಟ್ಟಿ ಅದು. ಹಾಗಾಗಿ ನನ್ನ ಹತ್ತಿರ ಕಲ್ಲು ಹವಳ ಇಲ್ಲ. ಇರುವುದು ಮೆತ್ತನೆಯ ಮೈಯವು: ಮಶ್ರೂಮ್, ಟೋಡ್‌ಸ್ಟೂಲ್ ಲೆದರ್, ಗುಂಡಿಗಳ ಗೊಂಚಲಿನ ಹಾಗೆ ಅರಳುವ ಜೋವಾ, ಇಷ್ಟೇ. ಜೊತೆಗೆ ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ಗೋಬಿ.

ಇಷ್ಟು ಜಾಗಕ್ಕೆ ಯಾವ ಏಂಜಲ್?

ದೊಡ್ಡ ಏಂಜಲ್‌ಗಳ ಮಾತೇ ಇಲ್ಲ. ಎಂಪರರ್ ಏಂಜಲ್ ಒಂದಡಿಗಿಂತ ಜಾಸ್ತಿ ಬೆಳೆಯುತ್ತದೆ. ಡ್ವಾರ್ಫ್ ಏಂಜಲ್‌ಗಳದು ಸೆಂಟ್ರೊಪೈಜಿ ಎಂಬ ಕುಲ, ಮೂವತ್ತಕ್ಕೂ ಹೆಚ್ಚು ಜಾತಿ. ಆದರೆ ಡ್ವಾರ್ಫ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಳತೆಯಲ್ಲ. ಬೈಕಲರ್ 15 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಲೆಮನ್‌ಪೀಲ್ 14ರ ತನಕ. ಕೋರಲ್ ಬ್ಯೂಟಿ ಸುಮಾರು 10. ಕೆರಿಬಿಯನ್ ಕಡೆಯ ಚೆರಬ್ ಮತ್ತು ಆಫ್ರಿಕಾದ ಫ್ಲೇಮ್‌ಬ್ಯಾಕ್ ಎರಡೂ 8ಕ್ಕೆ ನಿಲ್ಲುತ್ತವೆ.

ಮನಸ್ಸು ಮೊದಲು ಓಡಿದ್ದು ಫ್ಲೇಮ್ ಏಂಜಲ್ ಕಡೆಗೆ. ಯಾರಿಗೆ ಓಡುವುದಿಲ್ಲ? ಕೆಂಡದಂಥ ಕೆಂಪು, ಮೈಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಕಪ್ಪು ಪಟ್ಟೆಗಳು, ರೆಕ್ಕೆಯ ತುದಿಯಲ್ಲಿ ನೀಲಿ. ಪೆಸಿಫಿಕ್ ಸಾಗರದ ನಡುವಿನ ಕಿರಿಬಾಟಿ, ಮಾರ್ಷಲ್ ದ್ವೀಪಗಳಿಂದ ಬರುವ ಮೀನು. ಬೆಲೆ ಕೇಳಿ ಸುಮ್ಮನಾದೆ.

ಲೆಮನ್‌ಪೀಲ್ ಮೈತುಂಬ ನಿಂಬೆಹಣ್ಣಿನ ಹಳದಿ, ಕಣ್ಣಿನ ಸುತ್ತ ನೀಲಿ ಗೆರೆ. ಇದರ ಬಗ್ಗೆ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಚಾಕೊಲೇಟ್ ಟ್ಯಾಂಗ್ ಎಂಬ ಬೇರೆಯೇ ಮೀನಿನ ಮರಿ ಲೆಮನ್‌ಪೀಲ್‌ನ ವೇಷ ಹಾಕುತ್ತದೆ. ಅದೇ ಹಳದಿ, ಅದೇ ಆಕಾರ. ದೊಡ್ಡದಾದ ಮೇಲೆ ಕಂದಾಗುತ್ತದೆ. ಹಿಂದೂ ಮಹಾಸಾಗರದಲ್ಲಿ ಆ ಟ್ಯಾಂಗ್‌ನ ಸೋದರ ಜಾತಿಯೊಂದರ ಮರಿ ಐಬ್ಲ್ಸ್ ಎಂಬ ಇನ್ನೊಂದು ಡ್ವಾರ್ಫ್ ಏಂಜಲ್‌ನ ವೇಷ ಹಾಕುತ್ತದೆ. ಬೇರೆ ಮೀನುಗಳು ಈ ಪುಟ್ಟ ಏಂಜಲ್ ಬಣ್ಣ ತೊಟ್ಟು ಬದುಕುತ್ತವೆ ಅಂದರೆ ನೋಡಿ! ಆದರೆ ಲೆಮನ್‌ಪೀಲ್ ಹವಳ ಕುಕ್ಕುವುದರಲ್ಲಿ ಮುಂದು. ಜೋವಾ ಇಟ್ಟುಕೊಂಡವಳಿಗೆ ಅದು ಬೇಡ.

ಕೋರಲ್ ಬ್ಯೂಟಿ ಗಟ್ಟಿ ಮೀನು. ನಾಲ್ಕಡಿ ತೊಟ್ಟಿ ಇದ್ದವರಿಗೆ ನಾನು ಹೇಳುವುದು ಅದನ್ನೇ. ನನ್ನ ಮೂರಡಿಯಲ್ಲಿ ಅದನ್ನು ಸಾಕಬಹುದಿತ್ತೇನೋ, ಆದರೆ ದಿನಕ್ಕೆ ನೂರು ಸಲ ಅತ್ತಿಂದಿತ್ತ ಸುತ್ತುವ ಮೀನಿಗೆ ಎರಡು ಸೆಂಟಿಮೀಟರ್ ವ್ಯತ್ಯಾಸವೂ ವ್ಯತ್ಯಾಸವೇ. ಚೆರಬ್ ಚಿಕ್ಕದು, ಆದರೆ ಜಗಳಗಂಟ. ನಾನು ಹೋದ ಕಡೆ ಅದು ಸಿಗಲೂ ಇಲ್ಲ.

ಉಳಿದದ್ದು ಆಫ್ರಿಕನ್ ಫ್ಲೇಮ್‌ಬ್ಯಾಕ್. ನೀಲಿ ಮೈ. ಮೂತಿಯಿಂದ ಬೆನ್ನಿನ ಉದ್ದಕ್ಕೂ ಅರಿಶಿನ ಮೆತ್ತಿದ ಹಾಗೆ ಕಿತ್ತಳೆ. ಬಾಲ ತಿಳಿ ಹಳದಿ, ಹೆಚ್ಚುಕಡಿಮೆ ಗಾಜಿನಂತೆ. ಬ್ರೆಜಿಲ್ ಕಡೆ ಇದನ್ನೇ ಹೋಲುವ ಇನ್ನೊಂದು ಜಾತಿ ಇದೆ, ಅದರ ಬಾಲ ಕಡು ನೀಲಿ. ಬಾಲ ನೋಡಿದರೆ ತಕ್ಷಣ ತಿಳಿಯುತ್ತದೆ. ನಮ್ಮದು ಪೂರ್ವ ಆಫ್ರಿಕಾ ತೀರದ್ದು. ನಾನು ಕುಮಟಾದಲ್ಲಿ ಹುಟ್ಟಿ ಬೆಳೆದವಳು. ನಮ್ಮ ಕಡಲಿನ ಆಚೆ ದಡದ ಮೀನು ಎಂದು ಗೊತ್ತಾದಾಗ ನನಗೆ ಯಾಕೋ ಹತ್ತಿರದ್ದು ಅನಿಸಿತು.

ಎರಡು ತರೋಣ, ಜೊತೆಯಾಗುತ್ತದೆ ಅಂದಳು ಮಗಳು. ಈ ಮೀನುಗಳೆಲ್ಲ ಮೊದಲು ಹೆಣ್ಣು. ಗುಂಪಿನಲ್ಲಿ ದೊಡ್ಡದಾದದ್ದು ಗಂಡಾಗುತ್ತದೆ, ಉಳಿದವು ಅದರ ಹಿಂದೆ. ಕಡಲಲ್ಲಿ ಸರಿ. ಮೂರಡಿ ಗಾಜಿನೊಳಗೆ ಆ ದೊಡ್ಡಸ್ತಿಕೆಯ ಜಗಳ ಶುರುವಾದರೆ ಸೋತದ್ದಕ್ಕೆ ಓಡಿಹೋಗಲು ಜಾಗ ಇರುವುದಿಲ್ಲ. ಒಂದೇ ಸಾಕು ಎಂದೆ.

ಆಗ ಅಮ್ಮ ಕುಮಟಾದಿಂದ ಬಂದಿದ್ದಳು. ಮೊದಲ ಶನಿವಾರ ಹೊರಟಾಗ ಬಾಗಿಲಲ್ಲಿ ನಿಂತು, "ಕಣ್ಣು ನೋಡು ಮಗಾ. ಆಮೇಲೆ ಕಿವಿರು" ಅಂದಳು. ಅಮ್ಮ ಪೇಟೆಯಲ್ಲಿ ಬಂಗುಡೆ ಆರಿಸುವುದು ಹೀಗೆಯೇ. ಸಾರಿನ ಮೀನಿಗೆ ಹೇಳಿದ ಮಾತು ಜೀವಂತ ಮೀನಿಗೂ ಅಷ್ಟೇ ಸರಿ. ಅಂಗಡಿಯಲ್ಲಿ ಎರಡು ಫ್ಲೇಮ್‌ಬ್ಯಾಕ್ ಇದ್ದವು, ಬೇರೆ ಬೇರೆ ತೊಟ್ಟಿಯಲ್ಲಿ. ಬಣ್ಣ ಜೋರಾಗಿದ್ದದ್ದು ಎಡಗಡೆಯದು. ನಾನು ಕೆಲಸ ಮಾಡುವುದು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ. ಕಣ ಎಣಿಸುವ ಕೈ ಕೌಂಟರ್ ಒಂದು ಬ್ಯಾಗಿನಲ್ಲೇ ಇತ್ತು. ಗಡಿಯಾರ ನೋಡುತ್ತಾ ಕಿವಿರು ತೆರೆದು ಮುಚ್ಚುವುದನ್ನು ಎಣಿಸಿದೆ. ಎಡಗಡೆಯ ಮೀನು ನಿಮಿಷಕ್ಕೆ 130. ಬಲಗಡೆಯದು 84. ಎಡಗಡೆಯದರ ಹೊಟ್ಟೆ ಒಳಕ್ಕೆ ಎಳೆದಿತ್ತು, ತಲೆಯ ಹಿಂದಿನ ಮಾಂಸವೂ ಇಳಿದಿತ್ತು. ಬಲಗಡೆಯದು ನನ್ನನ್ನು ನೋಡಿ ಪೈಪಿನೊಳಗೆ ಹೋಯಿತು. ನಾನು ಅಲ್ಲಾಡದೆ ನಿಂತೆ. ಒಂದು ನಿಮಿಷದೊಳಗೆ ಮೂತಿ ಹೊರಗೆ ಬಂತು, ಆಮೇಲೆ ಒಂದು ಕಣ್ಣು, ಆಮೇಲೆ ಇಡೀ ಮೀನು. ಗಾಜಿನ ಮೇಲಿನ ಪಾಚಿಯನ್ನು ಎರಡು ಸಲ ಕುಕ್ಕಿ, ಮತ್ತೆ ನನ್ನ ಕಡೆ ತಿರುಗಿತು.

ಅವತ್ತೇ ತರಬಹುದಿತ್ತು. ತರಲಿಲ್ಲ. ಸ್ವಲ್ಪ ಮುಂಗಡ ಕೊಟ್ಟು, ಎರಡು ವಾರ ಇಟ್ಟುಕೊಳ್ಳಿ ಎಂದು ಕೇಳಿಕೊಂಡೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಕೆಲವರು ಸಯನೈಡ್ ಚಿಮುಕಿಸಿ ಹವಳದ ಮೀನು ಹಿಡಿಯುತ್ತಾ ಬಂದಿದ್ದಾರೆ. ಕಾನೂನು ಒಪ್ಪದಿದ್ದರೂ ಪೂರ್ತಿ ನಿಂತಿಲ್ಲ. ಅಂಥ ಮೀನು ನೋಡಲು ಸರಿಯಾಗೇ ಇರುತ್ತದೆ, ದಿನ ಕಳೆದಂತೆ ಸೊರಗುತ್ತದೆ. ದೂರದ ಪ್ರಯಾಣದ ಸುಸ್ತೂ ಹಾಗೆಯೇ ತಡವಾಗಿ ಕಾಣುತ್ತದೆ. ಎರಡು ವಾರ ಅಂಗಡಿಯಲ್ಲಿ ತಿಂದು ಬದುಕಿದ ಮೀನು ಕೊಂಡರೆ ಅರ್ಧ ಚಿಂತೆ ಕಡಿಮೆ. ಎರಡನೇ ಶನಿವಾರ ಹೋದಾಗ ಎಡಗಡೆಯ ತೊಟ್ಟಿ ಖಾಲಿ. ನಾನು ಏನೂ ಕೇಳಲಿಲ್ಲ. ಮೂರನೇ ಶನಿವಾರ ಹುಡುಗ ಮೈಸಿಸ್ ಸೀಗಡಿಯ ಐಸ್ ತುಂಡು ಕರಗಿಸಿ ಹಾಕಿದ. ಅಲ್ಲಿದ್ದ ಡ್ಯಾಮ್ಸೆಲ್ ಮೀನುಗಳಿಗಿಂತ ಮೊದಲು ನಮ್ಮದೇ ಬಂತು.

ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಥರ್ಮೊಕೋಲ್ ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದವರು ಐಸ್‌ಕ್ರೀಮಾ ಎಂದು ಕೇಳಿದರು. ಮುಚ್ಚಳ ಚೂರು ಸರಿಸಿ ತೋರಿಸಿದೆ. ಘಾಟ್ಕೋಪರ್‌ನಲ್ಲಿ ಇಳಿಯುವ ತನಕ ಅವರು ಪೆಟ್ಟಿಗೆಯನ್ನೇ ನೋಡುತ್ತಿದ್ದರು.

ನೇರ ದೊಡ್ಡ ತೊಟ್ಟಿಗೆ ಬಿಡಲಿಲ್ಲ. ಬಾಲ್ಕನಿ ಪಕ್ಕದ ಕೋಣೆಯಲ್ಲಿ ನಲವತ್ತು ಲೀಟರಿನ ಬೇರೆ ತೊಟ್ಟಿ, ಸ್ಪಂಜ್ ಫಿಲ್ಟರ್, ಪಿವಿಸಿ ಪೈಪಿನ ಎರಡು ತುಂಡು. ಅಲ್ಲಿ ಮೂವತ್ತು ದಿನ. ಬಿಳಿ ಚುಕ್ಕೆ ರೋಗ ಒಮ್ಮೆ ದೊಡ್ಡ ತೊಟ್ಟಿಗೆ ಹೊಕ್ಕರೆ ಅಲ್ಲಿ ತಾಮ್ರದ ಔಷಧಿ ಹಾಕುವಂತಿಲ್ಲ, ಹವಳ ಸಾಯುತ್ತದೆ. ಏಂಜಲ್‌ಗಳಿಗೂ ತಾಮ್ರ ಸುಲಭಕ್ಕೆ ಒಗ್ಗುವುದಿಲ್ಲ. ಅದಕ್ಕೆ ಔಷಧಿ ಸಿದ್ಧ ಇಟ್ಟುಕೊಂಡು ಕಾದೆ. ಬೇಕಾಗಲಿಲ್ಲ. ನಾನು ಲ್ಯಾಬ್‌ಗೆ ಹೋದಾಗ ಅಮ್ಮ ಕುರ್ಚಿ ಹಾಕಿಕೊಂಡು ಅದರ ಎದುರು ಕೂರುತ್ತಿದ್ದಳು. ಕಡಲ ಪಾಚಿಯ ಒಣ ಹಾಳೆಯ ತುಣುಕನ್ನು ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೆ. ಐದನೇ ದಿನ ಮಧ್ಯಾಹ್ನ ಅಮ್ಮನ ಫೋನು. "ಸೊಪ್ಪು ತಿಂತು ಮಗಾ. ದನ ಮೇದ ಹಾಗೆ ತಿಂತು." ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಬಹಳ ದಿನವಾಗಿತ್ತು.

ದೊಡ್ಡ ತೊಟ್ಟಿಗೆ ಬಂದ ಮೇಲೂ ನಾಲ್ಕು ದಿನ ತೂತಿನ ಪಾರದರ್ಶಕ ಪೆಟ್ಟಿಗೆಯಲ್ಲಿ ತೇಲಿಸಿಟ್ಟೆ. ಹೆಣ್ಣು ಕ್ಲೌನ್ ಎರಡು ದಿನ ಪೆಟ್ಟಿಗೆಗೆ ಗುದ್ದಿ ಗುದ್ದಿ ಆಮೇಲೆ ಬಿಟ್ಟುಬಿಟ್ಟಿತು. ಏಂಜಲ್ ಅನ್ನು ಯಾವಾಗಲೂ ಕೊನೆಗೆ ಸೇರಿಸಿ. ಮೊದಲೇ ಬಂದರೆ ಇಡೀ ಕಲ್ಲು ತನ್ನದು ಅಂದುಕೊಳ್ಳುತ್ತದೆ.

ಈಗ ಜೋವಾ ವಿಷಯ. ಡ್ವಾರ್ಫ್ ಏಂಜಲ್ ಹವಳ ಮುಟ್ಟುವುದೇ ಇಲ್ಲ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಜಾತಿ ನೋಡಿ ಅಂದಾಜು ಮಾಡಬಹುದು ಅಷ್ಟೇ, ಕೊನೆಗೆ ಒಂದೊಂದು ಮೀನಿನದೂ ಒಂದೊಂದು ಸ್ವಭಾವ. ನಮ್ಮದು ಮಶ್ರೂಮ್ ಕಡೆ ತಿರುಗಿಯೂ ನೋಡಲಿಲ್ಲ. ಟೋಡ್‌ಸ್ಟೂಲ್ ಪೊರೆ ಬಿಡುವಾಗ ಮೇಲಿನ ಲೋಳೆಯನ್ನು ತಿಂದುಕೊಂಡಿತು, ಅದರಿಂದ ತೊಂದರೆಯಿಲ್ಲ. ಆದರೆ ಎರಡನೇ ವಾರ ಗುಲಾಬಿ ಜೋವಾ ಗೊಂಚಲು ಮುಚ್ಚಿಕೊಂಡೇ ಇತ್ತು. ಹತ್ತಿರ ಕೂತು ನೋಡಿದೆ. ಹಾದುಹೋಗುವಾಗಲೆಲ್ಲ ಒಂದು ಕುಕ್ಕು. ದಿನಕ್ಕೆ ಒಂದು ಸಲ ಹಾಕುತ್ತಿದ್ದ ಊಟವನ್ನು ಮೂರು ಸಲ ಸ್ವಲ್ಪ ಸ್ವಲ್ಪ ಮಾಡಿದೆ. ಬೆಳಗ್ಗೆ ಪಾಚಿ ಹಾಳೆ, ಮಧ್ಯಾಹ್ನ ಅಮ್ಮನ ಕೈಯಿಂದ ಸ್ಪಿರುಲಿನಾ ಕಾಳು, ರಾತ್ರಿ ಮೈಸಿಸ್. ಗುಲಾಬಿ ಗೊಂಚಲನ್ನು ಅದರ ದಾರಿಯಿಂದ ತೆಗೆದು ಮೂಲೆಯ ಮರಳಿಗೆ ಇಳಿಸಿದೆ. ಹಸಿರು ಜೋವಾವನ್ನು ಅದು ಮುಟ್ಟುವುದಿಲ್ಲ. ಯಾಕೋ ಅದಕ್ಕೇ ಗೊತ್ತು.

ಮೂರು ತಿಂಗಳಾಯಿತು. ಅಮ್ಮ ಊರಿಗೆ ಹೋಗಿದ್ದಾಳೆ. ಸಂಜೆ ಏಳೂವರೆಗೆ ತೊಟ್ಟಿಯ ಬಿಳಿ ದೀಪ ಆರಿ ನೀಲಿ ಮಾತ್ರ ಉಳಿಯುತ್ತದೆ. ಕಡಲಲ್ಲಿ ಈ ಮೀನುಗಳು ಮೊಟ್ಟೆ ಬಿಡುವುದು ಇದೇ ಮುಸ್ಸಂಜೆಯಲ್ಲಿ. ನಮ್ಮದು ಒಂಟಿ. ಆದರೂ ಆ ಹೊತ್ತಿಗೆ ರೆಕ್ಕೆಯೆಲ್ಲ ಬಿಚ್ಚಿ, ನಡುವಿನ ಕಲ್ಲಿಗೆ ಎರಡು ಸುತ್ತು ಹಾಕಿ, ಟೋಡ್‌ಸ್ಟೂಲ್ ಹಿಂದಿನ ಪೊಟರೆಗೆ ಹೋಗುತ್ತದೆ. ಅಷ್ಟರಲ್ಲಿ ಕುಮಟಾದಿಂದ ಫೋನು ಬರುತ್ತದೆ. ಮೊದಲು ಮೊಮ್ಮಗಳ ಊಟ, ಆಮೇಲೆ ಮೀನಿನ ಊಟ. ನಿನ್ನೆ ಗುಲಾಬಿ ಜೋವಾ ಬಗ್ಗೆಯೂ ಕೇಳಿದಳು. ಬಗ್ಗಿ ಎಣಿಸಿ ಹೇಳಿದೆ, ಹನ್ನೊಂದು ಅರಳಿವೆ ಅಮ್ಮಾ.