ಶನಿವಾರದ ತರಗತಿಗೆ ಬಂದ ಪ್ರಗತಿಪತ್ರ

ಉತ್ತರ ಲಂಡನ್ನಿನಲ್ಲಿ ತುರ್ಕಿ ಮತ್ತು ಕುರ್ದಿಷ್ ಮಾತನಾಡುವ ಮನೆಗಳ ಮಕ್ಕಳಿಗಾಗಿ ನಡೆಯುತ್ತಿದ್ದ ಶನಿವಾರದ ತರಗತಿಯೊಂದರಲ್ಲಿ ನಾನು ಕೆಲಕಾಲ ಗಣಿತ ಹೇಳಿಕೊಡುತ್ತಿದ್ದೆ. ಒಂದು ಬೆಳಿಗ್ಗೆ ಪ್ರಾಥಮಿಕ ಶಾಲೆಯ ಕೊನೆಯ ವರ್ಷದಲ್ಲಿದ್ದ ಹುಡುಗನ ತಾಯಿ, ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿಟ್ಟುಕೊಂಡಿದ್ದ ಪ್ರಗತಿಪತ್ರವನ್ನು ಹೊರತೆಗೆದು, ನನ್ನ ಮೇಜಿನ ಮೇಲೆ ಹರಡಿದರು. ಅವರ ಮುಖ ಅರಳಿತ್ತು. ಬರವಣಿಗೆ ಎಂಬ ಸಾಲಿನ ಎದುರು ‘ವರ್ಕಿಂಗ್ ಟುವರ್ಡ್ಸ್ ದಿ ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್’ ಎಂದು ಅಚ್ಚಾಗಿತ್ತು. ಮಗ ಅದನ್ನು ಮನೆಯಲ್ಲಿ ‘ಚಾಲಿಶಿಯೋರ್’ ಎಂದು ತುರ್ಕಿಯಲ್ಲಿ ಹೇಳಿದ್ದನಂತೆ. ಆ ಭಾಷೆಯಲ್ಲಿ ಕೆಲಸ ಮಾಡುವುದಕ್ಕೂ ಕಷ್ಟಪಟ್ಟು ಓದುವುದಕ್ಕೂ ಕ್ರಿಯಾಪದ ಒಂದೇ. ಹಾಗಾಗಿ ಹುಡುಗ ಚೆನ್ನಾಗಿ ಓದುತ್ತಿದ್ದಾನೆ ಎಂದು ಶಾಲೆ ಬರೆದು ಕಳುಹಿಸಿದೆಯೆಂದೇ ತಾಯಿ ತಿಳಿದಿದ್ದರು. ಆ ವಾಕ್ಯದ ನಿಜವಾದ ಅರ್ಥವೆಂದರೆ, ಆ ವಯಸ್ಸಿಗೆ ಇರಬೇಕಾದ ಮಟ್ಟವನ್ನು ಅವನು ಇನ್ನೂ ಮುಟ್ಟಿಲ್ಲ ಎಂಬುದು.

ಹುಡುಗ ಸುಳ್ಳು ಹೇಳಿರಲಿಲ್ಲ. ಪದಕ್ಕೆ ಪದ ಇಟ್ಟಿದ್ದ, ಅಷ್ಟೆ. ಬೇಸರವಾದದ್ದು ನನಗೆ ಆ ಒಕ್ಕಣೆಯ ಬಗ್ಗೆ. ಹಿಂದುಳಿದಿದ್ದಾನೆ ಎಂದು ನೇರವಾಗಿ ಬರೆಯಲು ಸಂಕೋಚಪಡುವ ಇಂಗ್ಲಿಷಿನ ಸೌಜನ್ಯ, ಆ ಸೌಜನ್ಯದ ಒಳಗುಟ್ಟು ತಿಳಿದವರಿಗೆ ಮಾತ್ರ ಅರ್ಥವಾಗುತ್ತದೆ.

ಇಂತಹ ಕುಟುಂಬಗಳ ವಿಷಯದಲ್ಲಿ ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಸಭೆಗೆ ಬರುವುದಿಲ್ಲ, ಬಂದರೂ ಪ್ರಶ್ನೆ ಕೇಳುವುದಿಲ್ಲ ಎಂಬುದು ಅದಕ್ಕೆ ಕೊಡುವ ಆಧಾರ. ಆದರೆ ಮಗುವನ್ನು ಗುರುವಿಗೆ ಒಪ್ಪಿಸುವಾಗ ತುರ್ಕಿಯಲ್ಲಿ ಹೇಳುವ ಹಳೆಯ ಮಾತೊಂದಿದೆ: ‘ಮಾಂಸ ನಿಮ್ಮದು, ಮೂಳೆ ನನ್ನದು.’ ಶಿಸ್ತು, ವಿದ್ಯೆ ಎಲ್ಲವೂ ನಿಮಗೆ ಬಿಟ್ಟದ್ದು ಎಂಬ ಸಂಪೂರ್ಣ ನಂಬಿಕೆ ಅದರಲ್ಲಿದೆ. ಹೀಗೆ ಒಪ್ಪಿಸಿದ ಮೇಲೆ ಮತ್ತೆ ಶಾಲೆಗೆ ಹೋಗಿ ಪ್ರಶ್ನಿಸುವುದು ಗುರುವಿನ ಮೇಲೆ ಅಪನಂಬಿಕೆ ತೋರಿದಂತೆ. ಇಂಗ್ಲೆಂಡಿನ ಶಾಲೆಯಾದರೋ ಪೋಷಕರು ಕೇಳಲಿ, ತಕರಾರು ಮಾಡಲಿ, ಮನೆಯಲ್ಲಿ ಕೂತು ಓದಿಸಲಿ ಎಂದು ಬಯಸುತ್ತದೆ. ಒಂದು ಕಡೆಯವರ ಮರ್ಯಾದೆ ಇನ್ನೊಂದು ಕಡೆಯವರಿಗೆ ಉದಾಸೀನವಾಗಿ ಕಾಣುತ್ತದೆ. ಇಂತಹ ತರಗತಿಗಳನ್ನು ನಡೆಸುವ ಸಮುದಾಯ ಕೇಂದ್ರಗಳ ಕೆಲಸವೆಲ್ಲ ಈ ಎರಡರ ನಡುವಿನ ಜಾಗದಲ್ಲಿದೆ.

ಆ ಕೇಂದ್ರಗಳಿಗೆ ದೀರ್ಘ ಇತಿಹಾಸವಿದೆ. ಸೈಪ್ರಸ್ಸಿನ ತುರ್ಕರು 1950 ಮತ್ತು 60ರ ದಶಕಗಳಲ್ಲೇ ಲಂಡನ್ನಿಗೆ ಬಂದವರು. ತುರ್ಕಿ ದೇಶದಲ್ಲಿ 1980ರ ಸೇನಾ ದಂಗೆಯ ನಂತರ ಮತ್ತಷ್ಟು ಜನ ಬಂದರು. ಆ ದಶಕದ ಕೊನೆಯಲ್ಲಿ ಮರಾಶ್, ಸಿವಾಸ್ ಕಡೆಯ ಕುರ್ದರು, ಅವರಲ್ಲಿಯೂ ಅಲೆವಿ ಪಂಥದವರು ಹೆಚ್ಚಾಗಿ, ಆಶ್ರಯ ಕೋರಿ ಬಂದು ಹ್ಯಾಕ್ನಿ, ಹ್ಯಾರಿಂಗೇ, ಎನ್‌ಫೀಲ್ಡ್ ಭಾಗಗಳಲ್ಲಿ ನೆಲೆಸಿದರು. ಮೊದಲು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿದ ಇವರಲ್ಲಿ ಅನೇಕರು, ಆ ಉದ್ಯಮ ಕುಸಿದ ಮೇಲೆ, ಕಬಾಬ್ ಅಂಗಡಿಗಳಿಗೂ ದಿನಸಿ ಅಂಗಡಿಗಳಿಗೂ ಹೊರಳಿದರು. ಮಧ್ಯರಾತ್ರಿಯವರೆಗೆ ಅಂಗಡಿಯಲ್ಲಿ ನಿಲ್ಲುವ ತಂದೆಗೆ ಸಂಜೆಯ ಪೋಷಕರ ಸಭೆ ಎಲ್ಲಿ ಎಟುಕೀತು? ಇಂತಹವರಿಗೆ ನೆರವಾದ ಕೇಂದ್ರಗಳಲ್ಲೊಂದು, 1989ರಲ್ಲಿ ಆರಂಭವಾದ ‘ದಾಯ್-ಮೆರ್’. ಅದರ ಹೆಸರಿನಲ್ಲಿರುವ ‘ದಾಯನಿಷ್ಮಾ’ ಎಂಬ ಪದಕ್ಕೆ ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲುವುದು ಎಂಬ ಅರ್ಥವಿದೆ.

ಈ ಕೇಂದ್ರಗಳು ಕೊಡುವ ಟ್ಯೂಷನ್‌ಗಿಂತ ದೊಡ್ಡ ಉಪಕಾರವೆಂದು ನಾನು ಎಣಿಸುವುದು ಅವು ಶಾಲೆಯ ನಿಯಮಗಳನ್ನು ಬಿಡಿಸಿ ಹೇಳುವ ಕೆಲಸವನ್ನು. ಪ್ರೌಢಶಾಲೆಗೆ ಅರ್ಜಿ ಹಾಕಲು ಅಕ್ಟೋಬರ್ 31 ಕೊನೆಯ ದಿನ ಎಂಬಂತಹ ಸಂಗತಿಯನ್ನು ಒಮ್ಮೆ ಹೇಳಿದರೆ ಮುಗಿಯಿತು. ಹದಿನಾರರ ವಯಸ್ಸಿನ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಗಣಿತದ ವಿಷಯ ಹಾಗಲ್ಲ. ಅದರಲ್ಲಿ ಫೌಂಡೇಷನ್, ಹೈಯರ್ ಎಂದು ಎರಡು ಬಗೆಯ ಪ್ರಶ್ನೆಪತ್ರಿಕೆಗಳಿವೆ. ಅತ್ಯುನ್ನತ ದರ್ಜೆ 9 ಆಗಿದ್ದರೂ, ಫೌಂಡೇಷನ್ ಬರೆಯುವವರು ಎಷ್ಟೇ ಚೆನ್ನಾಗಿ ಬರೆದರೂ 5ನ್ನು ದಾಟುವಂತಿಲ್ಲ. ಮಗಳನ್ನು ಯಾವ ಪತ್ರಿಕೆಗೆ ಕೂರಿಸುತ್ತಿದ್ದಾರೆ ಎಂದು ಕೇಳಬಹುದೆಂಬುದೇ ಗೊತ್ತಿಲ್ಲದ ತಂದೆಗೆ, ಒಳ್ಳೆಯ ಅಂಕ ಯಾಕೆ ಬರಲಿಲ್ಲವೆಂಬುದು ಫಲಿತಾಂಶ ಬಂದ ಮೇಲೂ ತಿಳಿಯುವುದಿಲ್ಲ. ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿರುವ ಮಗುವಿಗೆ ಆಟದ ಮೈದಾನದ ಮಾತು ಒಂದೆರಡು ವರ್ಷಗಳಲ್ಲಿ ಬರುತ್ತದೆ, ಪಾಠದ ಭಾಷೆ ಕೈಗೂಡಲು ಐದರಿಂದ ಏಳು ವರ್ಷಗಳಾದರೂ ಬೇಕು ಎಂದು ಕೆನಡಾದ ಶಿಕ್ಷಣತಜ್ಞ ಜಿಮ್ ಕಮ್ಮಿನ್ಸ್ ಬಹಳ ಹಿಂದೆಯೇ ತೋರಿಸಿದ್ದಾರೆ. ಮಾತು ಸರಾಗವಾಗಿದೆಯೆಂದು ನೆರವನ್ನು ನಿಲ್ಲಿಸಿಬಿಟ್ಟರೆ, ಗಣಿತ ಬಲ್ಲ ಹುಡುಗಿಯೂ ಪ್ರಶ್ನೆಯ ವಾಕ್ಯದಲ್ಲೇ ಎಡವುತ್ತಾಳೆ.

ಮನೆಮಾತನ್ನು ಕಲಿಸುವುದರಿಂದ ಇಂಗ್ಲಿಷ್ ಹಿಂದೆ ಬೀಳುತ್ತದೆ ಎಂಬ ಭಯ ಪೋಷಕರಲ್ಲೂ ಇತ್ತು. ನಾನು ಕಂಡದ್ದು ಅದಕ್ಕೆ ವಿರುದ್ಧವಾದುದನ್ನು. ಕನ್ನಡದ ಹಾಗೆಯೇ ತುರ್ಕಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಪದದ ಬಾಲಕ್ಕೆ ಪ್ರತ್ಯಯಗಳು ಸಾಲಾಗಿ ಅಂಟಿಕೊಳ್ಳುತ್ತವೆ. ‘ಎವ್’ ಎಂದರೆ ಮನೆ, ‘ಎವ್‌ಲೆರ್’ ಮನೆಗಳು, ‘ಎವ್‌ಲೆರ್‌ದೆನ್’ ಮನೆಗಳಿಂದ. ಇದನ್ನು ಬಿಡಿಸಿ ತೋರಿಸಿದ ದಿನ, ತುರ್ಕಿಯಲ್ಲಿ ಇಲ್ಲದ ‘ದಿ’ಯನ್ನು ಇಂಗ್ಲಿಷಿನಲ್ಲಿ ತಾವು ಏಕೆ ಮರೆಯುತ್ತೇವೆ ಎಂಬುದನ್ನು ಮಕ್ಕಳೇ ಕಂಡುಕೊಂಡರು. ತುರ್ಕಿ ಭಾಷೆಗೆ ಜಿಸಿಎಸ್‌ಇ ಪರೀಕ್ಷೆಯೂ ಇದೆ. 2015ರ ಸುಮಾರಿಗೆ ಅದನ್ನು ಕೈಬಿಡುವ ಯೋಜನೆ ಬಂದಾಗ ಸಮುದಾಯದವರು ಪಟ್ಟುಹಿಡಿದು ದನಿ ಎತ್ತಿದರು. ಪರೀಕ್ಷೆ ಉಳಿಯಿತು.

ಕುರ್ದಿಷ್ ಮಕ್ಕಳಿಗೆ ಆ ಭಾಗ್ಯವಿಲ್ಲ. ಅವರ ಭಾಷೆಗೆ ಅಂತಹ ಪರೀಕ್ಷೆಯೂ ಇಲ್ಲ, ಎಷ್ಟೋ ದಾಖಲೆಗಳಲ್ಲಿ ಅವರ ಹೆಸರೂ ಇಲ್ಲ. ಜನಾಂಗದ ಕಾಲಂನಲ್ಲಿ ‘ಇತರ ಬಿಳಿಯರು’ ಎಂಬ ದೊಡ್ಡ ಗುಂಪಿನೊಳಗೆ ಸೇರಿಹೋದರೆ, ಮನೆಮಾತಿನ ಕಾಲಂನಲ್ಲಿ ತುರ್ಕಿಯ ಒಳಗೆ ಮರೆಯಾಗುತ್ತಾರೆ. ಮರಾಶ್ ಕಡೆಯ ಕುರ್ದರಾಡುವ ಕುರ್ಮಾಂಜಿ ಎಂಬ ಕುರ್ದಿಷ್ ಬಗೆಗೂ ತುರ್ಕಿಗೂ ನಂಟೇ ಇಲ್ಲ. ‘ಯೆಕ್, ದು, ಸೆ, ಚಾರ್, ಪೆಂಜ್’ ಎಂದು ಅವರು ಎಣಿಸುವುದನ್ನು ಕೇಳಿದರೆ ಹಿಂದಿ ಬಲ್ಲವರ ಕಿವಿ ನಿಮಿರುತ್ತದೆ. ಹೀಗಿರುವಾಗ ತುರ್ಕಿ ದುಭಾಷಿಯೊಬ್ಬರನ್ನು ಕರೆಸಿ ಕರ್ತವ್ಯ ಮುಗಿಯಿತೆಂದುಕೊಳ್ಳುವ ಶಾಲೆ, ಕೆಲವು ಅಜ್ಜಿಯರ ಮಟ್ಟಿಗೆ ಮತ್ತೊಂದು ಪರಭಾಷೆಯಲ್ಲಿ ಮಾತಾಡಿಸಿದಂತೆಯೇ.

ಪ್ರಗತಿಪತ್ರದ ಅರ್ಥವನ್ನು ಆ ತಾಯಿಗೆ ಹೇಳಿದವರು ನಾನಲ್ಲ, ತರಗತಿಯ ಮೇಲ್ವಿಚಾರಕಿ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ಅವನು ಇನ್ನೇನು ಓದಬೇಕು, ಹೊಜಾಮ್?’ ಎಂದು ಕೇಳಿದರು. ಹೊಜಾಮ್ ಎಂದರೆ ನಮ್ಮ ಗುರುಗಳೇ ಎಂಬಂತೆ. ದಿನಕ್ಕೆ ಇಪ್ಪತ್ತು ನಿಮಿಷ ಅವನು ಗಟ್ಟಿಯಾಗಿ ಓದಲಿ, ಅರ್ಥವಾಗದಿದ್ದರೂ ನೀವು ಪಕ್ಕದಲ್ಲಿ ಕೂತು, ಕಥೆಯಲ್ಲಿ ಏನಾಯಿತೆಂದು ನಿಮ್ಮ ಭಾಷೆಯಲ್ಲೇ ಕೇಳಿ ಎಂದು ಮೇಲ್ವಿಚಾರಕಿ ಹೇಳಿದರು. ‘ನಮ್ಮ ಭಾಷೆ ಎಂದರೆ ಯಾವುದು?’ ಎಂದರು ತಾಯಿ. ಮನೆಯಲ್ಲಿ ಅವರು ಅತ್ತೆಯೊಡನೆ ಆಡುತ್ತಿದ್ದುದು ಕುರ್ಮಾಂಜಿಯಂತೆ. ಹುಡುಗನಿಗೂ ಅದು ಚೆನ್ನಾಗಿ ಬರುತ್ತಿತ್ತಂತೆ. ಅಲ್ಲಿಯವರೆಗೆ ನಮಗೆ ಯಾರಿಗೂ ಅದು ತಿಳಿದಿರಲಿಲ್ಲ.

ನಮ್ಮ ದಾಖಲಾತಿ ನಮೂನೆಯಲ್ಲೂ ಅವನ ಮನೆಮಾತು ತುರ್ಕಿಯೆಂದೇ ಇತ್ತು. ಮೇಲ್ವಿಚಾರಕಿ ಅದನ್ನು ಹುಡುಕಿ ತೆಗೆದು, ಪೆನ್ನಿನ ಸಮೇತ ತಾಯಿಯ ಮುಂದೆ ಇಟ್ಟರು. ತುರ್ಕಿ ದೇಶದಲ್ಲಿ 1983ರ ಕಾನೂನೊಂದು 1991ರವರೆಗೂ ಕುರ್ದಿಷ್ ಭಾಷೆಯ ಪ್ರಕಟಣೆಗಳನ್ನು ನಿಷೇಧಿಸಿತ್ತು. ಈ ತಾಯಿ ಹುಟ್ಟಿ ಬೆಳೆದದ್ದು ಆ ವರ್ಷಗಳಲ್ಲೇ. ಪೆನ್ನನ್ನು ಕೈಗೆತ್ತಿಕೊಂಡವರು ಬರೆಯುವ ಮೊದಲು ತಲೆಯೆತ್ತಿ, ‘ಇದರಿಂದ ಹುಡುಗನಿಗೆ ತೊಂದರೆಯೇನೂ ಆಗುವುದಿಲ್ಲ ತಾನೆ?’ ಎಂದು ಕೇಳಿದರು.