ಹೊಲದ ಮನೆಯ ಮಕ್ಕಳಿಗೆ ಬಿಎಸ್ಸಿ ಅಗ್ರಿಯಲ್ಲಿ ಕಲಿಯೋಕೆ ಏನಿದೆ?

ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಪ್ರತಿ ವರ್ಷವೂ ಇದೇ ಪ್ರಶ್ನೆ: ‘ನಮ್ಮ ಹುಡುಗ ಹೊಲದಲ್ಲೇ ಬೆಳೆದವನು. ಬಿತ್ತೋದು, ಕುಂಟೆ ಹೊಡೆಯೋದು, ಔಷಧಿ ಹೊಡೆಯೋದು ಎಲ್ಲ ಗೊತ್ತು. ನಾಲ್ಕು ವರ್ಷ ಇನ್ನೇನು ಕಲಿಸ್ತಾರೆ?’

ಬೇಸಾಯ ಮಾಡುವುದನ್ನು ಅಲ್ಲಿ ಅಷ್ಟಾಗಿ ಕಲಿಸುವುದಿಲ್ಲ. ಅಳೆಯುವುದು, ಗುರುತಿಸುವುದು, ಹೀಗೇಕಾಯಿತು ಎಂದು ಕಾರಣ ಹೇಳುವುದು: ಅಲ್ಲಿ ಕಲಿಸುವುದು ಇಷ್ಟನ್ನು. ಹೊಲದ ಅನುಭವ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಸಲಕರಣೆ ಗುರುತಿಸುವಾಗ ನೇರವಾಗಿ ಕೈಹಿಡಿಯುತ್ತದೆ. ಸೇರಿದ ಮೇಲೆ ಅದೊಂದೇ ಸಾಲದು. ‘ನಮ್ಮ ಕಡೆ ಹೀಗೇ ಮಾಡೋದು’ ಎಂಬುದು ಉತ್ತರಪತ್ರಿಕೆಯಲ್ಲಿ ಉತ್ತರವಾಗುವುದಿಲ್ಲ.

ಬೆಂಗಳೂರು (1964), ಧಾರವಾಡ (1986), ರಾಯಚೂರು (2008), ಶಿವಮೊಗ್ಗ (2012), ಯಾವ ಸರ್ಕಾರಿ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದರೂ ಪಠ್ಯದ ಚೌಕಟ್ಟು ಹೆಚ್ಚುಕಡಿಮೆ ಒಂದೇ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಡೀನ್‌ಗಳ ಸಮಿತಿ ಹಾಕಿಕೊಟ್ಟದ್ದು. ಬೇರೆಯಾಗುವುದು ಮಣ್ಣು ಮತ್ತು ಬೆಳೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಭತ್ತ, ಕಬ್ಬು, ರಾಗಿ ನೋಡುತ್ತೀರಿ; ಧಾರವಾಡದಲ್ಲಿ ಕಪ್ಪು ಮಣ್ಣು, ಹತ್ತಿ, ಜೋಳ; ರಾಯಚೂರಿನಲ್ಲಿ ತೊಗರಿ ಮತ್ತು ಸವುಳು ಭೂಮಿ. ಕಾಲೇಜು ಆರಿಸುವಾಗ ಊರಿನ ಹೆಸರಿಗಿಂತ ಇದನ್ನು ನೋಡುವುದು ಒಳ್ಳೆಯದು.

ವಿಷಯದ ಪಕ್ಕದಲ್ಲಿ 2+1 ಎಂದಿದ್ದರೆ ವಾರಕ್ಕೆ ಎರಡು ಗಂಟೆ ಪಾಠ, ಒಂದು ಪ್ರಾಕ್ಟಿಕಲ್ ಎಂದರ್ಥ. ಆ ‘ಒಂದು’ ಎರಡು ಗಂಟೆಗೆ ಕಡಿಮೆ ಇರುವುದಿಲ್ಲ. ಓದಿ ಪಾಸಾಗಬಹುದು ಎಂದುಕೊಂಡವರು ಎಡವುವುದು ಇಲ್ಲಿಯೇ.

ಮಣ್ಣಿನ ಮಾದರಿಯನ್ನೇ ನೋಡಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು 10–15 ಕಡೆ 15 ಸೆಂ.ಮೀ. ಆಳದ ‘ವಿ’ ಆಕಾರದ ಗುಂಡಿ ತೋಡಬೇಕು. ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕೆ.ಜಿ.ಗೆ ಇಳಿಸಿ, ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿಯಬೇಕು. ಬದುವಿನ ಬದಿ, ಮರದ ಬುಡ, ತಿಪ್ಪೆ ಇದ್ದ ಜಾಗ ಬೇಡ. ಯೂರಿಯಾ ಚೀಲದಲ್ಲಿ ಮಣ್ಣು ತುಂಬಿ ತಂದರೆ ಸಾರಜನಕದ ಲೆಕ್ಕ ಅಲ್ಲಿಗೇ ಕೆಟ್ಟಿತು. ಇಷ್ಟು ಬಿಗಿ ಏಕೆಂದರೆ, ಸಾವಯವ ಇಂಗಾಲದ ಪರೀಕ್ಷೆಗೆ ಬಳಸುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ ಮಣ್ಣು. ಎಕರೆಯ ಮೇಲ್ಪದರದ ಸುಮಾರು 9 ಲಕ್ಷ ಕೆ.ಜಿ. ಮಣ್ಣಿನ ಪರವಾಗಿ ಆ ಒಂದು ಗ್ರಾಂ ಸಾಕ್ಷಿ ಹೇಳಬೇಕು. ರಂಜಕಕ್ಕೂ ಒಂದೇ ವಿಧಾನ ನಡೆಯುವುದಿಲ್ಲ. ಮಲೆನಾಡಿನ ಹುಳಿ ಮಣ್ಣಿಗೆ ಬ್ರೇ ಎಂಬ ವಿಧಾನ, ಸುಣ್ಣದಂಶ ಇರುವ ಕಪ್ಪು ಮಣ್ಣಿಗೆ ಓಲ್ಸನ್ ವಿಧಾನ. ಅದಲುಬದಲಾದರೆ ಬ್ರೇ ದ್ರಾವಣದ ಆಮ್ಲವನ್ನು ಸುಣ್ಣವೇ ನುಂಗಿ, ಇರುವ ರಂಜಕವೂ ಇಲ್ಲವೆಂದು ಬರುತ್ತದೆ.

ಗೊಬ್ಬರದ ಲೆಕ್ಕ ಪ್ರೈಮರಿ ಶಾಲೆಯ ಗಣಿತ, ಆದರೂ ಅತಿ ಹೆಚ್ಚು ತಪ್ಪಾಗುವುದು ಅದರಲ್ಲೇ. ಹೆಕ್ಟೇರಿಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 50 ಕೆ.ಜಿ. ಬೇಕು ಎನ್ನೋಣ. ಡಿಎಪಿ ಗೊಬ್ಬರದಲ್ಲಿ ರಂಜಕ ಶೇ 46, ಆದ್ದರಿಂದ 109 ಕೆ.ಜಿ. ಡಿಎಪಿ. ಅದರಲ್ಲಿ ಶೇ 18 ಸಾರಜನಕವೂ ಇರುವುದರಿಂದ ಸುಮಾರು 20 ಕೆ.ಜಿ. ಆಗಲೇ ಸಿಕ್ಕಿತು. ಉಳಿದ 80ಕ್ಕೆ ಶೇ 46ರ ಯೂರಿಯಾ 175 ಕೆ.ಜಿ., ಪೊಟ್ಯಾಷಿಗೆ ಶೇ 60ರ ಎಂಒಪಿ ಗೊಬ್ಬರ 83 ಕೆ.ಜಿ. ಡಿಎಪಿಯ ಸಾರಜನಕ ಕಳೆಯುವುದನ್ನು ಮರೆತವರು 217 ಕೆ.ಜಿ. ಯೂರಿಯಾ ಬರೆಯುತ್ತಾರೆ. 40 ಕೆ.ಜಿ.ಗೂ ಮೇಲೆ ವ್ಯರ್ಥ, ಜತೆಗೆ ಬೆಳೆ ಸೊಕ್ಕಿ ಬಾಗುತ್ತದೆ. ಎಕರೆಗೆ ಎಂದು ಕೇಳಿದ್ದರೆ 2.5ರಿಂದ ಭಾಗಿಸಬೇಕು, ಅದನ್ನು ಬಿಟ್ಟವರ ಕಥೆ ಹೇಳುವುದೇ ಬೇಡ.

ಹುಳುಗಳನ್ನು ಹಿಡಿದು ಪಿನ್ನು ಚುಚ್ಚಿ ಇಡಬೇಕಾದ ಕೀಟಶಾಸ್ತ್ರದ ಪೆಟ್ಟಿಗೆ ಹಾಸ್ಟೆಲಿನ ದೊಡ್ಡ ತಲೆನೋವು. ದುಂಬಿಗೆ ಪಿನ್ನು ಬಲ ರೆಕ್ಕೆಗವಚದ ಮೇಲೆ, ನೊಣ ಮತ್ತು ಜೇನಿಗೆ ಎದೆಯ ನಡುಗೆರೆಯಿಂದ ಬಲಕ್ಕೆ, ಚಿಟ್ಟೆಗೆ ಎದೆಯ ನಟ್ಟನಡುವೆ. ಪರೀಕ್ಷೆಯ ಹಿಂದಿನ ವಾರ ಒಟ್ಟಿಗೆ ಹಿಡಿದು ತಂದರೆ ಹುಳು ಸೆಟೆದುಕೊಂಡು, ಹರಡುವಾಗ ರೆಕ್ಕೆ ಮುರಿಯುತ್ತದೆ, ಒದ್ದೆಯಾಗಿದ್ದರೆ ಬೂಷ್ಟು. ಊರು, ತಾರೀಖು, ಆಶ್ರಯ ಬೆಳೆ ಬರೆದ ಚೀಟಿ ಇಲ್ಲದ ಹುಳುವಿಗೆ ಬೆಲೆಯಿಲ್ಲ. ಸೆಮಿಸ್ಟರ್ ಶುರುವಾದಾಗಿನಿಂದಲೇ ಹಿಡಿಯಿರಿ.

ಅಡಿಕೆ ಸೀಮೆಯ ಹುಡುಗರಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಗೊತ್ತು ಎಂಬ ಧೈರ್ಯ. ಕೊಳೆರೋಗಕ್ಕೆ ಅದನ್ನು ಮೈಸೂರು ಸೀಮೆಯಲ್ಲಿ ರೂಢಿಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್, ಹೆಬ್ಬಾಳದ ಕೃಷಿ ಶಾಲೆ ಶುರುವಾದದ್ದೂ ಅವರ ಕಾಲದಲ್ಲಿ. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಿಸಿ ಸುರಿದರೆ ಕಣ ದಪ್ಪವಾಗಿ ಎಲೆಗೆ ಹಿಡಿಯುವುದಿಲ್ಲ. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ತೋಟದಲ್ಲಿ ಹತ್ತು ಸಲ ಮಾಡಿದವರೂ ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಈ ‘ಏಕೆ’ಗೆ ತಡವರಿಸುತ್ತಾರೆ.

ಕೊನೆಯ ವರ್ಷದ ರಾವೆ, ಅಂದರೆ ಗ್ರಾಮೀಣ ಕೃಷಿ ಕಾರ್ಯಾನುಭವದಲ್ಲಿ ಹಳ್ಳಿಗೆ ಕಳಿಸುತ್ತಾರೆ. ಅಲ್ಲಿ ರೈತರೊಬ್ಬರ ಜತೆ ಕೆಲಸ, ಊರಿನ ಸಂಪನ್ಮೂಲ ನಕ್ಷೆ, ಯಾವ ತಿಂಗಳು ಯಾವ ಕೆಲಸ ಎಂಬ ಋತುಮಾನದ ಪಟ್ಟಿ. ಗಂಡಸರನ್ನಷ್ಟೇ ಕೇಳಿ ಬರೆದ ಪಟ್ಟಿಯಲ್ಲಿ ಕಳೆ ತೆಗೆಯುವ ಕೂಲಿಯ ದಿನಗಳೇ ಮಾಯವಾಗಿರುತ್ತವೆ. ಊರಲ್ಲಿ ಬೆಳೆದ ಮಕ್ಕಳು ನಿಜವಾಗಿ ಮುಂದಿರುವುದು ಈ ಸೆಮಿಸ್ಟರಿನಲ್ಲಿ, ಏಕೆಂದರೆ ಯಾರನ್ನು ಯಾವ ಹೊತ್ತಿನಲ್ಲಿ ಮಾತಾಡಿಸಬೇಕೆಂದು ಅವರಿಗೆ ಗೊತ್ತು.

ಕೆಲಸದ ಮಾತು ಚುಟುಕಾಗಿ: ಕೆಪಿಎಸ್‌ಸಿ ಮೂಲಕ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ, ಐಬಿಪಿಎಸ್ ಮೂಲಕ ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ, ಬೀಜ, ಗೊಬ್ಬರದ ಕಂಪನಿಗಳು, ಇಲ್ಲವೇ ಎಂಎಸ್ಸಿ. ಸರ್ಕಾರಿ ನೇಮಕಾತಿ ವರ್ಷ ವರ್ಷ ಬರುವುದಿಲ್ಲ, ಅದೊಂದನ್ನೇ ನಂಬಿ ಸೇರಬೇಡಿ.

ಓದಿ ಹೊಲಕ್ಕೇ ಮರಳುವುದಾದರೆ? ನೀರು, ಬಂಡವಾಳ, ಮಾರುಕಟ್ಟೆ ಪದವಿಯಿಂದ ಬರುವುದಿಲ್ಲ. ಆದರೆ ಕೃಷಿ ಅರ್ಥಶಾಸ್ತ್ರದ ತರಗತಿಯಲ್ಲಿ ಮನೆಮಂದಿಯ ದುಡಿಮೆಯನ್ನೂ ಸ್ವಂತ ಭೂಮಿಯ ಬಾಡಿಗೆಯನ್ನೂ ಖರ್ಚಿನ ಕಾಲಂನಲ್ಲಿ ಬರೆಸುತ್ತಾರೆ. ಆ ಲೆಕ್ಕ ಬರೆದು ಮನೆಗೆ ತಂದ ದಿನ, ಯಾವ ಬೆಳೆ ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂಬ ಬಗ್ಗೆ ಅಪ್ಪನ ಜತೆ ಜಗಳ ಆದರೂ ಆಗಬಹುದು.