ಅಮ್ಮನ ಭುಜಕ್ಕೆ ನರ್ವ್ ಬ್ಲಾಕ್ ಹಾಕ್ಸಿದ ದಿನ

ಬ್ರೆಸ್ಟ್ ಕ್ಯಾನ್ಸರ್ ಭುಜದ ಮೂಳೆಗೆ ಹರಡಿದ ಮೇಲೆ ಅಮ್ಮನಿಗೆ ಎಡಗೈ ಎತ್ತೋದು ಬಿಡಿ, ಆ ಮಗ್ಗುಲಿಗೆ ತಿರುಗಿ ಮಲಗೋಕೂ ಆಗ್ತಿರ್ಲಿಲ್ಲ. ರೇಡಿಯೇಷನ್ ಆಯ್ತು, ಸ್ವಲ್ಪ ತಗ್ತು ಅಷ್ಟೆ. ಮಾರ್ಫಿನ್ ಡೋಸ್ ಏರಿಸಿದ್ರೆ ನೋವು ಕಮ್ಮಿ ಆಗ್ತಿತ್ತು, ಆದ್ರೆ ದಿನವಿಡೀ ಮಂಪರು, ಮೇಲಿಂದ ಮಲಬದ್ಧತೆ, ಇನ್ನು ನೋಡೋಕೆ ಬಂದ ನೆಂಟರೆಲ್ಲ "ಅದು ಚಟ ಆಗ್ಬಿಡುತ್ತೆ" ಅಂತ ಉಪದೇಶ ಬೇರೆ (ನೋವು ಅವರಿಗಲ್ವಲ್ಲ).

ಮೈಸೂರಿನ ಪೇನ್ ಡಾಕ್ಟ್ರ ಹತ್ರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಕಾಫಿ ಕುಯ್ಲಿನ ಮಧ್ಯದಲ್ಲೇ. ಸುಂಟಿಕೊಪ್ಪದಿಂದ ಬೆಳಿಗ್ಗೆ ಮಂಜಲ್ಲೇ ಹೊರಟ್ವಿ, ಆಳುಗಳಿಗೆ ಯಾರು ಲೆಕ್ಕ ಬರ್ಕೊಳ್ತಾರೆ ಅನ್ನೋದೇ ಅಮ್ಮನ ಚಿಂತೆ.

ಭುಜದ ಕೀಲಿನ ನೋವನ್ನ ಹೆಚ್ಚುಕಮ್ಮಿ 70 ಪರ್ಸೆಂಟ್ ಹೊರೋದು ಸುಪ್ರಾಸ್ಕ್ಯಾಪುಲರ್ ಅನ್ನೋ ಒಂದೇ ನರ, ಅದರ ಸುತ್ತ ಮರಗಟ್ಟಿಸೋ ಇಂಜೆಕ್ಷನ್, ಅಂದ್ರೆ ನರ್ವ್ ಬ್ಲಾಕ್, ಹಾಕಿದ್ರೆ ಸಾಕು ಅಂದ್ರು ಡಾಕ್ಟ್ರು. ಕುತ್ತಿಗೆ ಹತ್ರಾನೂ ಬ್ಲಾಕ್ ಹಾಕ್ಬಹುದಂತೆ, ಆದ್ರೆ ಅದ್ರಲ್ಲಿ ಡಯಾಫ್ರಾಮ್ ಅನ್ನೋ ಉಸಿರಾಟದ ಸ್ನಾಯುವಿನ ನರಾನೂ ಮರಗಟ್ಟಿ ಉಸಿರಾಟಕ್ಕೆ ತೊಂದ್ರೆ ಆಗ್ಬಹುದು, ಅಮ್ಮನಿಗೆ ಮೊದ್ಲೇ ಶ್ವಾಸಕೋಶದ ಸುತ್ತ ನೀರು ತುಂಬಿತ್ತಲ್ಲ, ಹಾಗಾಗಿ ಬೇಡ ಅಂದ್ರು.

ಅಮ್ಮನ್ನ ಕೂರಿಸಿ, ಹೆಗಲೆಲುಬಿನ ಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ರು. ಸ್ಕ್ರೀನಲ್ಲಿ ನನಗೆ ಕಂಡಿದ್ದು ಬೂದು ಪಟ್ಟೆಗಳಷ್ಟೆ, ಮೇಲಿನ ಎರಡೂ ಮಾಂಸಖಂಡ, ಕೆಳಗಿನ ಬೆಳ್ಳಗಿನ ಗೆರೆ ಮೂಳೆ ಅಂತ ತೋರಿಸಿದ್ರು. ರಕ್ತದ ಹರಿವು ತೋರಿಸೋ ಕಲರ್ ಮೋಡ್ ಹಾಕಿದಾಗ ಕೆಂಪಗೆ ಮಿಡಿದಿದ್ದು ರಕ್ತನಾಳ, ನರ ಅದರ ಪಕ್ಕದಲ್ಲೇ. ಸೂಜಿ ಓರೆಯಾಗಿ ಇಳೀತಾ ಇರೋದು ಪೂರ್ತಿ ಕಾಣ್ತಿತ್ತು, ತುದಿ ಎಲ್ಲಿದೆ ಅಂತ ಗೊತ್ತಿರೋದಕ್ಕೇ ಶ್ವಾಸಕೋಶಕ್ಕೆ ಚುಚ್ಚೋ ಭಯ ಕಮ್ಮಿಯಂತೆ. ಔಷಧಿ ಬಿಟ್ಟಾಗ ಮೂಳೆ ಮೇಲಿನ ಖಂಡ ನಿಧಾನಕ್ಕೆ ಮೇಲೆದ್ದು ಕೆಳಗೆ ಕಪ್ಪಗೆ ಹರಡ್ತು. ಬುಪಿವಕೇನ್ ಅನ್ನೋ ಮರಗಟ್ಟಿಸೋ ಔಷಧಿ ಜೊತೆ ಸ್ಟೆರಾಯ್ಡ್ ಅಂದ್ರು.

ಅರ್ಧ ಗಂಟೆ ಆಗೋದ್ರೊಳಗೆ ಅಮ್ಮ "ಏನೋ ಕಳಚಿ ಹೋದಂಗಿದೆ ಕಣೋ" ಅಂದ್ರು. ಕೈ ಮಾತ್ರ ಸಂಜೆವರೆಗೂ ಸೋತೋಗಿತ್ತು, ಅದು ಮರಗಟ್ಟೋ ಔಷಧಿದು, ಇಳಿಯುತ್ತೆ ಅಂತ ಮೊದ್ಲೇ ಹೇಳಿದ್ರಿಂದ ನಾವು ಗಾಬರಿಯಾಗ್ಲಿಲ್ಲ.

ಅವತ್ತು ರಾತ್ರಿ ಎಡಮಗ್ಗುಲಲ್ಲೇ ನಿದ್ದೆ ಮಾಡಿದ್ರು. ಮಾರ್ಫಿನ್ ನಿಂತಿಲ್ಲ, ಡೋಸ್ ಇಳಿದಿದೆ, ಮಂಪರು ಹೋಗಿದೆ. ನನ್ನ ಕೇಳಿದ್ರೆ ಇದನ್ನ ಕೊನೇ ದಾರಿ ಅಂತ ಇಟ್ಕೊಳ್ದೆ ಡಾಕ್ಟ್ರುಗಳು ಮುಂಚೇನೇ ಹೇಳ್ಬೇಕು. ನೋವು ಮರಳಿದ್ರೆ ಬ್ಲಾಕ್ ಮತ್ತೆ ಹಾಕ್ಬಹುದು, ಇಲ್ಲಾ ಅದೇ ನರಕ್ಕೆ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ (ಸೂಜಿ ಮೂಲಕ ಬಿಟ್ಟುಬಿಟ್ಟು ಕೊಡೋ ವಿದ್ಯುತ್ ಮಿಡಿತ) ಕೊಟ್ಟು ನೋಡ್ಬಹುದು ಅಂದಿದಾರೆ. ಅಮ್ಮ ಮಾತ್ರ ಕುಯ್ಲು ಮುಗಿಯೋವರೆಗೆ ಮೈಸೂರಿನ ಸುದ್ದಿ ಎತ್ಬೇಡ ಅಂತಾರೆ.